ಮಾನವ ಹಕ್ಕು ಕಾನೂನಿನ ಸುಧಾರಣೆ: ಬೇರೆ ದೇಶಗಳಿಂದ ಏನು ತರಬೇಕು, ಏನು ಬಿಡಬೇಕು?

ಹಸಿರುಶಾಯಿ

ಹಲವು ದೇಶಗಳ ಮಾನವ ಹಕ್ಕು ಕಾನೂನುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಹಕ್ಕುಗಳ ಪಟ್ಟಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ವಿಶ್ವಸಂಸ್ಥೆಯ 1948ರ ಘೋಷಣೆ ಮತ್ತು 1966ರ ಎರಡು ಒಪ್ಪಂದಗಳ ನೆರಳು ಹೆಚ್ಚಿನ ಪಟ್ಟಿಗಳ ಮೇಲೆ ಕಾಣುತ್ತದೆ. ಬೇರೆ ಬೇರೆಯಾಗಿರುವುದು ಪಟ್ಟಿ ಮುಗಿದ ಮೇಲೆ ಬರುವ ಸೆಕ್ಷನ್‌ಗಳು. ದೂರು ಯಾರು ಕೊಡಬಹುದು? ಎಲ್ಲಿ ಕೊಡಬೇಕು? ಎಷ್ಟು ದಿನದಲ್ಲಿ ಉತ್ತರ ಸಿಗಬೇಕು? ಆ ಉತ್ತರವನ್ನು ಸರ್ಕಾರ ಪಕ್ಕಕ್ಕಿಟ್ಟರೆ ಮುಂದೇನು?

ಸುಧಾರಣೆ ಎಂದಾಗಲೆಲ್ಲ ಚರ್ಚೆ ಮಾತ್ರ ಪಟ್ಟಿಯ ಸುತ್ತಲೇ ನಡೆಯುತ್ತದೆ. ಆ ದೇಶದಲ್ಲಿ ವಸತಿ ಹಕ್ಕು ಇದೆ, ಈ ದೇಶದಲ್ಲಿ ಪರಿಸರದ ಹಕ್ಕು ಇದೆ, ನಾವೂ ಸೇರಿಸೋಣ ಎಂದು. ಸೇರಿಸುವುದು ಒಳ್ಳೆಯದೇ. ಆದರೆ ಹೊರಗಿನಿಂದ ಮೊದಲು ತರಬೇಕಾದದ್ದು ಹಕ್ಕಿನ ಹೆಸರಲ್ಲ, ಆ ಹಕ್ಕು ಜನರ ಕೈಗೆ ಸಿಗುವ ದಾರಿ. ನನ್ನ ವಾದ ಇಷ್ಟೇ.

ಕೊಲಂಬಿಯಾ ನೋಡಿ. 1991ರ ಅವರ ಸಂವಿಧಾನದ 86ನೇ ವಿಧಿಯಲ್ಲಿ 'ತುತೇಲಾ' ಎಂಬ ಅರ್ಜಿ ಇದೆ. ಮೂಲ ಹಕ್ಕಿಗೆ ಧಕ್ಕೆ ಬಂದ ಯಾರೇ ಆಗಲಿ, ನ್ಯಾಯಾಧೀಶರ ಮುಂದೆ ನೇರವಾಗಿ ಹೋಗಬಹುದು. ವಕೀಲರು ಬೇಕಿಲ್ಲ. ಹತ್ತು ದಿನದೊಳಗೆ ತೀರ್ಪು ಬರಬೇಕು. ಮೇಲ್ಮನವಿ ಹಾಕಿದರೂ ಆದೇಶವನ್ನು ಕೂಡಲೇ ಪಾಲಿಸಬೇಕು. ಚಿಕಿತ್ಸೆಗೆ ಒಪ್ಪಿಗೆ ಸಿಗದವರು, ಪಿಂಚಣಿ ನಿಂತವರು, ಕೊಟ್ಟ ಅರ್ಜಿಗೆ ಇಲಾಖೆಯಿಂದ ಉತ್ತರವೇ ಬಾರದವರು ಇದನ್ನು ಬಳಸುತ್ತಾರೆ. ವರ್ಷಕ್ಕೆ ಲಕ್ಷಗಟ್ಟಲೆ ಅರ್ಜಿಗಳು ಬರುತ್ತವೆ. ಕಾನೂನು ಓದದ ಜನರಿಗೂ ಗೊತ್ತಿರುವ ಕಾನೂನು ಅದು.

ಕೀನ್ಯಾದ 2010ರ ಸಂವಿಧಾನದ 22ನೇ ವಿಧಿಯೂ ಹಾಗೇ. ಹಕ್ಕಿನ ಪ್ರಕರಣ ಹೂಡಲು ಶುಲ್ಕ ಕೇಳುವಂತಿಲ್ಲ. ಅಗತ್ಯ ಬಿದ್ದರೆ, ನಮೂನೆ ಪ್ರಕಾರ ಇಲ್ಲದ ಕಾಗದವನ್ನೂ ಕೋರ್ಟು ಅರ್ಜಿಯೆಂದು ತೆಗೆದುಕೊಳ್ಳಬೇಕು. ಭಾರತದ ಸುಪ್ರೀಂ ಕೋರ್ಟ್ 1980ರ ದಶಕದಲ್ಲಿ ಪತ್ರಗಳನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸುತ್ತಿತ್ತು. ಅದು ನ್ಯಾಯಮೂರ್ತಿಗಳು ತಾವಾಗಿ ಬೆಳೆಸಿದ ಪದ್ಧತಿ, ಅವರು ಬದಲಾದರೆ ಅದೂ ಬದಲಾಗಬಹುದು. ಕೀನ್ಯಾದಲ್ಲಿ ಅಂಥದ್ದೇ ಅವಕಾಶ ಸಂವಿಧಾನದ ಮಾತಾಗಿ ಕೂತಿದೆ. ಯಾವ ದೇಶದ ಕರಡು ಕಾನೂನಿಗೂ ಧಾರಾಳವಾಗಿ ತೆಗೆದುಕೊಳ್ಳಬಹುದಾದ ಸಾಲು ಅದು.

ಕೋರ್ಟ್‌ಹಾದಿ

ಹಸಿರುಶಾಯಿ ಅವರೇ, ದಾರಿ ಮುಖ್ಯ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಕೊಲಂಬಿಯಾದ ಕತೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. ಪೂರ್ತಿ ಹೇಳಬೇಕು.

ದಾರಿ ಅಷ್ಟು ಸಲೀಸಾದಾಗ ಒಂದೇ ತೊಂದರೆಗೆ ಸಾವಿರಾರು ಜನ ಒಬ್ಬೊಬ್ಬರಾಗಿ ಕೋರ್ಟಿಗೆ ಬಂದರು. ಅರ್ಜಿ ಹಾಕಿದವರಿಗೆ ಔಷಧಿ ಸಿಕ್ಕಿತು. ಅದೇ ಕಾಯಿಲೆ ಇದ್ದು ಅರ್ಜಿ ಹಾಕದವರಿಗೆ ಸಿಗಲಿಲ್ಲ. ಇದು ನ್ಯಾಯವಾ? ಅಲ್ಲಿನ ಸಾಂವಿಧಾನಿಕ ಕೋರ್ಟಿಗೇ ಈ ಪ್ರಶ್ನೆ ಬಂತು. 2008ರಲ್ಲಿ ಅದು 22 ಪ್ರಕರಣಗಳನ್ನು ಒಟ್ಟಿಗೆ ತೆಗೆದುಕೊಂಡು ಟಿ-760 ಎಂಬ ತೀರ್ಪು ಕೊಟ್ಟಿತು. ಆರೋಗ್ಯ ವ್ಯವಸ್ಥೆಯನ್ನೇ ಸರಿಪಡಿಸಿ ಎಂದು ಸರ್ಕಾರಕ್ಕೆ ಆದೇಶಿಸಿತು. ಮುಂದೆ 2015ರಲ್ಲಿ ಆರೋಗ್ಯವನ್ನು ಮೂಲ ಹಕ್ಕೆಂದು ಒಪ್ಪುವ ಕಾನೂನೂ ಬಂತು. ಅರ್ಜಿಗಳು ಮಾತ್ರ ನಿಂತಿಲ್ಲ.

ಹಾಗಾಗಿ ತುತೇಲಾ ತರುವವರು ಅದರ ಜೊತೆಗೇ ಇನ್ನೊಂದನ್ನೂ ತರಬೇಕು. ಒಂದೇ ತರಹದ ದೂರು ಪದೇಪದೇ ಬಂದರೆ ಅದನ್ನು ಗುರುತಿಸಿ, ಮೂಲಕ್ಕೇ ಕೈ ಹಾಕುವ ಅಧಿಕಾರ ಕೋರ್ಟಿಗೋ ಮಾನವ ಹಕ್ಕು ಆಯೋಗಕ್ಕೋ ಇರಬೇಕು.

ಇದರ ಎದುರಿನ ತುದಿ ದಕ್ಷಿಣ ಆಫ್ರಿಕಾ. 1996ರ ಅವರ ಸಂವಿಧಾನದಲ್ಲಿ ವಸತಿ, ಆರೋಗ್ಯ, ಆಹಾರ, ನೀರು ಎಲ್ಲವೂ ಹಕ್ಕುಗಳ ಪಟ್ಟಿಯಲ್ಲಿವೆ. 2000ದಲ್ಲಿ ಗ್ರೂಟ್‌ಬೂಮ್ ಪ್ರಕರಣದ ತೀರ್ಪು ಬಂತು. ತಲೆ ಮೇಲೆ ಸೂರೇ ಇಲ್ಲದವರಿಗಾಗಿ ಸರ್ಕಾರದ ವಸತಿ ಯೋಜನೆಯಲ್ಲಿ ಏನೂ ಇರಲಿಲ್ಲ, ಆದ್ದರಿಂದ ಯೋಜನೆ ಸಂವಿಧಾನಕ್ಕೆ ತಕ್ಕಂತಿಲ್ಲ ಎಂದು ಕೋರ್ಟ್ ಹೇಳಿತು. ಲೋಕವೆಲ್ಲ ಹೊಗಳಿದ ತೀರ್ಪು. ಆದರೆ ಅದು ಜಾರಿಯಾಗುತ್ತಿದೆಯೇ ಎಂದು ನೋಡುತ್ತ ಹೋಗುವ ಕೆಲಸವನ್ನು ಕೋರ್ಟ್ ತನ್ನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ಪ್ರಕರಣಕ್ಕೆ ಹೆಸರು ಕೊಟ್ಟ ಐರೀನ್ ಗ್ರೂಟ್‌ಬೂಮ್ 2008ರಲ್ಲಿ ತೀರಿಕೊಂಡಾಗಲೂ ಗುಡಿಸಲಿನಲ್ಲೇ ಇದ್ದರು. ಹಕ್ಕು ಪಟ್ಟಿಯಲ್ಲಿತ್ತು, ಗೆಲುವೂ ಸಿಕ್ಕಿತ್ತು. ಮನೆ ಸಿಗಲಿಲ್ಲ. ನನಗೆ ಈಗಲೂ ಸಂಕಟ ಆಗುವುದು ಇದಕ್ಕೇ.

ಮುಂಗಾರು

ಇಬ್ಬರೂ ಕೋರ್ಟಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನ ಪ್ರಶ್ನೆ ಅದಕ್ಕೂ ಹಿಂದಿನದು. ಜನ ಆರಿಸಿದ ಸಂಸತ್ತು ಮಾಡಿದ ಕಾನೂನನ್ನು ಯಾರೂ ಆರಿಸದ ನ್ಯಾಯಾಧೀಶರು ಬದಿಗೆ ಸರಿಸಬಹುದೇ? ಆರೋಗ್ಯಕ್ಕೆ ಎಷ್ಟು ಹಣ, ವಸತಿಗೆ ಎಷ್ಟು ಎನ್ನುವುದು ಬಜೆಟ್ಟಿನ ಮಾತು. ಸುಮ್ನೆ ಎದುರು ಮಾತಾಡಬೇಕೆಂದು ಕೇಳುತ್ತಿಲ್ಲ. ಹಕ್ಕು ಕಾನೂನು ಬೇಡ ಎನ್ನುವ ಪ್ರಾಮಾಣಿಕ ಜನ ಎಲ್ಲ ದೇಶಗಳಲ್ಲೂ ಇದನ್ನೇ ಕೇಳುತ್ತಾರೆ. ಇದಕ್ಕೆ ಉತ್ತರ ಇಲ್ಲದೆ ಸುಧಾರಣೆ ಮುಂದೆ ಹೋಗುವುದಿಲ್ಲ.

ಎರಡನೇಬೆಂಚು

ಮುಂಗಾರು ಅವರ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ದೇಶಗಳೇ ಮೂರು ಬೇರೆ ಬೇರೆ ಉತ್ತರ ಕೊಟ್ಟಿವೆ.

ಕೆನಡಾ 1982ರ ತನ್ನ ಚಾರ್ಟರಿನಲ್ಲಿ, ಅಂದರೆ ಹಕ್ಕುಗಳ ಸನ್ನದಿನಲ್ಲಿ, ಕೋರ್ಟಿಗೆ ಕಾನೂನು ರದ್ದು ಮಾಡುವ ಅಧಿಕಾರ ಕೊಟ್ಟಿತು. ಜೊತೆಗೇ 33ನೇ ಸೆಕ್ಷನ್ ಇಟ್ಟಿತು. ಕೆಲವು ಹಕ್ಕುಗಳು ಏನೇ ಹೇಳಲಿ ಈ ಕಾನೂನು ನಡೆಯುತ್ತದೆ ಎಂದು ಶಾಸನಸಭೆ ಬಹಿರಂಗವಾಗಿ ಬರೆದು ಪಾಸು ಮಾಡಬಹುದು. ಐದು ವರ್ಷಕ್ಕೆ ಅದು ತಾನಾಗಿ ಮುಗಿಯುತ್ತದೆ, ಬೇಕಾದರೆ ಮತ್ತೆ ಪಾಸು ಮಾಡಬೇಕು. ಅಷ್ಟರಲ್ಲಿ ಒಂದು ಚುನಾವಣೆ ಬಂದಿರುತ್ತದೆ ಎಂಬುದು ಲೆಕ್ಕ. ಕ್ವಿಬೆಕ್ ಪ್ರಾಂತ್ಯ 2019ರಲ್ಲಿ ಕೆಲವು ಸರ್ಕಾರಿ ನೌಕರರು ಧಾರ್ಮಿಕ ಗುರುತು ಧರಿಸಬಾರದೆಂಬ ಕಾನೂನಿಗೆ ಇದನ್ನೇ ಬಳಸಿತು.

ಬ್ರಿಟನ್ ಬೇರೆ ದಾರಿ ಹಿಡಿಯಿತು. 1998ರ ಮಾನವ ಹಕ್ಕು ಕಾಯ್ದೆ, ಜಾರಿಗೆ ಬಂದದ್ದು 2000ದ ಅಕ್ಟೋಬರಿನಲ್ಲಿ. ಅಲ್ಲಿ ಕೋರ್ಟ್ ಸಂಸತ್ತಿನ ಕಾಯ್ದೆಯನ್ನು ರದ್ದು ಮಾಡುವಂತಿಲ್ಲ. ಇದು ಹಕ್ಕಿಗೆ ಹೊಂದುವುದಿಲ್ಲ ಎಂದು ಘೋಷಿಸಬಹುದು, ಅಷ್ಟೇ. ವಿದೇಶಿ ಶಂಕಿತರನ್ನು ವಿಚಾರಣೆ ಇಲ್ಲದೆ ಎಷ್ಟು ಕಾಲ ಬೇಕಾದರೂ ಕೂಡಿಹಾಕುವ ಕಾನೂನಿನ ಬಗ್ಗೆ 2004ರ ಡಿಸೆಂಬರಿನಲ್ಲಿ ಹಾಗೆ ಘೋಷಣೆ ಆಯಿತು. ಕೂಡಿಹಾಕಿದವರಿಗೆ ಅಂದೇ ಬಿಡುಗಡೆ ಸಿಗಲಿಲ್ಲ. ಕೆಲವು ತಿಂಗಳಲ್ಲಿ ಸಂಸತ್ತು ಆ ಭಾಗವನ್ನು ತೆಗೆದು ಬೇರೆ ಕಾನೂನು ತಂದಿತು. ಅದೂ ವಾದಕ್ಕೆ ಗುರಿಯಾಯಿತು, ಆದರೆ ವಿಚಾರಣೆ ಇಲ್ಲದ ಕೊನೆಯಿಲ್ಲದ ಸೆರೆ ಹೋಯಿತು.

ನ್ಯೂಜಿಲೆಂಡ್ ಕತೆ ನನಗೆ ಇನ್ನೂ ಇಷ್ಟ. ಅದು ತನ್ನ ಕಾನೂನಿನ ಕೊರತೆಯನ್ನು ನಿಧಾನವಾಗಿ, ಆದರೆ ಬಿಡದೆ ತುಂಬಿತು. 1990ರ ಕಾಯ್ದೆಯಲ್ಲಿ ಇಂಥ ಘೋಷಣೆಯ ಮಾತೇ ಇರಲಿಲ್ಲ. ಎಲ್ಲ ಕೈದಿಗಳ ಮತದಾನದ ಹಕ್ಕನ್ನು 2010ರ ಕಾನೂನು ಕಿತ್ತುಕೊಂಡಿತು. ಕೈದಿಗಳು ಕೋರ್ಟಿಗೆ ಹೋದರು. ಘೋಷಣೆ ಕೊಡುವ ಅಧಿಕಾರ ಕೋರ್ಟಿಗೆ ಇದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯವರಿಗೆ 2020ರಲ್ಲಿ ಮತದ ಹಕ್ಕು ವಾಪಸ್ ಬಂತು. ಕೊನೆಗೆ 2022ರಲ್ಲಿ ಕಾಯ್ದೆಗೇ ತಿದ್ದುಪಡಿ ಮಾಡಿದರು. ಈಗ ಕೋರ್ಟ್ ಹಾಗೆ ಘೋಷಿಸಿದರೆ ಅದು ಸಂಸತ್ತಿನ ಮುಂದೆ ಬರಲೇಬೇಕು, ಸರ್ಕಾರ ಆರು ತಿಂಗಳೊಳಗೆ ಲಿಖಿತ ಉತ್ತರ ಇಡಬೇಕು. ಕೊನೆಯ ಮಾತು ಸಂಸತ್ತಿನದೇ. ಕೇಳಿಸಲಿಲ್ಲ ಎನ್ನುವ ಅವಕಾಶ ಮಾತ್ರ ಹೋಯಿತು.

ನ್ಯಾಯಾಧೀಶರು ಜನರಿಗಿಂತ ದೊಡ್ಡವರೇ ಎಂಬ ಪ್ರಶ್ನೆಗೆ ಇದು ಒಳ್ಳೆಯ ಉತ್ತರ ಅಲ್ವಾ? ಸಂಸತ್ತು ಬೇಡ ಎನ್ನಬಹುದು. ಎದ್ದು ನಿಂತು, ಕಾರಣ ಕೊಟ್ಟು, ದಾಖಲೆಗೆ ಸಿಗುವ ಹಾಗೆ ಬೇಡ ಎನ್ನಬೇಕು.

ಹಸಿರುಶಾಯಿ

ಎರಡನೇಬೆಂಚು ಅವರ ಉತ್ತರ ಚೆನ್ನಾಗಿದೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. 'ಎದ್ದು ನಿಂತು ಬೇಡ ಎನ್ನುವುದು' ಸರ್ಕಾರಗಳಿಗೆ ನಾವು ಅಂದುಕೊಂಡಷ್ಟು ಮುಜುಗರ ತರುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಇಡೀ ದೇಶಕ್ಕೆ ಒಂದು ಹಕ್ಕು ಕಾಯ್ದೆ ಇಲ್ಲ. ರಾಜಧಾನಿ ಪ್ರದೇಶ 2004ರಲ್ಲಿ, ವಿಕ್ಟೋರಿಯಾ 2006ರಲ್ಲಿ, ಕ್ವೀನ್ಸ್‌ಲ್ಯಾಂಡ್ 2019ರಲ್ಲಿ ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು. ಒಬ್ಬರಿಂದ ಒಬ್ಬರು ಕಲಿತದ್ದೂ ಕಾಣುತ್ತದೆ. ರಾಜಧಾನಿ ಪ್ರದೇಶದ ಮೊದಲ ಕಾಯ್ದೆಯಲ್ಲಿ ಜನ ನೇರ ಕೋರ್ಟಿಗೆ ಹೋಗುವಂತಿರಲಿಲ್ಲ, 2009ರಿಂದ ಅದು ಸಾಧ್ಯವಾಯಿತು. ಕ್ವೀನ್ಸ್‌ಲ್ಯಾಂಡ್ ದೂರುಗಳನ್ನು ಆಯೋಗದ ಎದುರು ಕೂತು ಮಾತಾಡಿ ಬಗೆಹರಿಸುವ ದಾರಿ ಸೇರಿಸಿತು. ಆದರೆ ಅದೇ ಕ್ವೀನ್ಸ್‌ಲ್ಯಾಂಡ್ 2023ರಲ್ಲಿ ತನ್ನ ಹಕ್ಕು ಕಾಯ್ದೆಯನ್ನು ಎರಡು ಸಲ ಬಹಿರಂಗವಾಗಿ ಬದಿಗೊತ್ತಿತು. ಎರಡೂ ಸಲ ಮಕ್ಕಳ ವಿಷಯದಲ್ಲಿ. ಜಾಮೀನು ಷರತ್ತು ಮೀರಿದ ಮಕ್ಕಳ ಮೇಲೆ ಕ್ರಿಮಿನಲ್ ಪ್ರಕರಣ ಹಾಕಲು ಒಮ್ಮೆ, ಮಕ್ಕಳನ್ನು ಪೊಲೀಸ್ ಲಾಕಪ್ಪಿನಲ್ಲಿ ಇಡಲು ಇನ್ನೊಮ್ಮೆ.

ಮತ ಹಾಕದವರ, ಜನ ಇಷ್ಟಪಡದವರ ಹಕ್ಕು ಬಂದಾಗಲೇ ಈ ಬಾಗಿಲು ತೆರೆಯುತ್ತದೆ. ಅದಕ್ಕೇ ಬದಿಗೊತ್ತುವ ಅಧಿಕಾರ ಇಡುವುದಾದರೆ ಕೆಲವು ಹಕ್ಕುಗಳನ್ನಾದರೂ ಅದರಿಂದ ಹೊರಗಿಡಬೇಕು. ಚಿತ್ರಹಿಂಸೆ, ಗುಲಾಮಗಿರಿ, ಮಕ್ಕಳ ಬಂಧನ. ಇವುಗಳಲ್ಲಿ ನಾನು ರಾಜಿ ಆಗಲಾರೆ.

ಮುಂಗಾರು

ಇದು ನನಗೂ ಒಪ್ಪಿಗೆ. ಆದರೂ ಎಲ್ಲ ಆದ ಮೇಲೆ ಕೋರ್ಟಿಗೆ ಹೋಗುವ ಬದಲು ಮಸೂದೆ ಬರುವಾಗಲೇ ನೋಡಬಹುದಲ್ಲವೇ?

ಎರಡನೇಬೆಂಚು

ನೋಡಬಹುದು, ಹಲವರು ನೋಡುತ್ತಾರೆ. ಬ್ರಿಟನ್‌ನಲ್ಲಿ ಮಸೂದೆ ತರುವ ಮಂತ್ರಿ ಅದು ಹಕ್ಕುಗಳಿಗೆ ಹೊಂದುತ್ತದೆಯೋ ಇಲ್ಲವೋ ಎಂದು ಹೇಳಿಕೆ ಕೊಡಬೇಕು. ಆಸ್ಟ್ರೇಲಿಯಾದಲ್ಲಿ 2009ರ ರಾಷ್ಟ್ರೀಯ ಸಮಾಲೋಚನೆಗೆ 35 ಸಾವಿರಕ್ಕೂ ಹೆಚ್ಚು ಲಿಖಿತ ಅಭಿಪ್ರಾಯಗಳು ಬಂದವು. ಹಕ್ಕು ಕಾಯ್ದೆ ಮಾಡಿ ಎಂದು ಸಮಿತಿ ಹೇಳಿತು. ಸರ್ಕಾರ ಕಾಯ್ದೆ ಮಾಡಲಿಲ್ಲ, ಬದಲಿಗೆ 2011ರಲ್ಲಿ ಮಸೂದೆ ನೋಡುವ ಸಂಸದೀಯ ಸಮಿತಿ ಮಾಡಿತು. ಆ ಸಮಿತಿಯೇ 2024ರಲ್ಲಿ, ಹಕ್ಕು ಕಾಯ್ದೆ ಬೇಕೇ ಬೇಕು ಎಂದು ವರದಿ ಕೊಟ್ಟಿತು. ಒಳಗೆ ಕೂತು ನೋಡಿದವರ ಮಾತು ಅದು.

ಫಿನ್‌ಲೆಂಡ್ ಮಾತ್ರ ಬೇರೆ. ಅಲ್ಲಿನ ಸಂಸತ್ತಿನ ಸಂವಿಧಾನ ಸಮಿತಿ ಹೊರಗಿನ ಕಾನೂನು ವಿದ್ವಾಂಸರನ್ನು ಕರೆಸಿ ಕೇಳುತ್ತದೆ. ಅದು ತಪ್ಪು ಎಂದದ್ದನ್ನು ತಿದ್ದದೆ ಮಸೂದೆ ಮುಂದೆ ಹೋಗುವುದಿಲ್ಲ. ಸದಸ್ಯರು ಸಂಸದರೇ, ಆದರೆ ಅಲ್ಲಿ ಪಕ್ಷ ನೋಡಿ ಕೈ ಎತ್ತಬಾರದೆಂಬ ಪದ್ಧತಿ ಗಟ್ಟಿಯಾಗಿದೆ. ಸಮಿತಿಯನ್ನು ಕಾನೂನಿನಿಂದ ಮಾಡಬಹುದು. ಆ ಪದ್ಧತಿಯನ್ನು ಬೆಳೆಸಿಕೊಳ್ಳಬೇಕು, ಅದು ಕಷ್ಟ.

ಹಳೇಕಡತ

ಆಯೋಗಗಳ ಬಗ್ಗೆ ಯಾರೂ ಹೆಚ್ಚು ಬರೆಯಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಲಾಗದವರು ಬರುವುದು ಅಲ್ಲಿಗೇ, ಆದ್ದರಿಂದ ನನಗೆ ಅದೇ ಮುಖ್ಯ.

ಆಯೋಗ ಹೇಗಿರಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 1993ರ ಡಿಸೆಂಬರಿನಲ್ಲಿ ಒಪ್ಪಿದ ಪ್ಯಾರಿಸ್ ತತ್ವಗಳು ಹೇಳುತ್ತವೆ. ಸ್ವತಂತ್ರವಾಗಿರಬೇಕು, ಸ್ವಂತ ಹಣ ಇರಬೇಕು, ಸಮಾಜದ ಎಲ್ಲ ಗುಂಪಿನವರೂ ಇರಬೇಕು. ಆದರೆ ಆಯೋಗದ ಮಾತನ್ನು ಸರ್ಕಾರ ಕೇಳಲೇಬೇಕು ಎಂದು ಆ ತತ್ವಗಳು ಒತ್ತಾಯ ಮಾಡುವುದಿಲ್ಲ. ಹೆಚ್ಚಿನ ದೇಶಗಳು ಅಲ್ಲೇ ನಿಂತುಬಿಟ್ಟಿವೆ. ಭಾರತದ 1993ರ ಕಾಯ್ದೆಯಲ್ಲೂ ಆಯೋಗ ಶಿಫಾರಸು ಮಾಡುತ್ತದೆ, ಆದೇಶ ಮಾಡುವುದಿಲ್ಲ. ಸೇನಾಪಡೆಗಳ ಮೇಲಿನ ದೂರಾದರೆ ತಾನೇ ತನಿಖೆ ಮಾಡುವಂತಿಲ್ಲ, 19ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದಿಂದ ವರದಿ ಕೇಳಬೇಕು.

ಉಗಾಂಡಾ ಬೇರೆ ಮಾಡಿತು. 1995ರ ಅದರ ಸಂವಿಧಾನ ಆಯೋಗಕ್ಕೇ ಕೋರ್ಟಿನಂಥ ಅಧಿಕಾರ ಕೊಟ್ಟಿತು. ಕೂಡಿಹಾಕಿದವರನ್ನು ಬಿಡಿ ಎಂದು ಹೇಳಬಹುದು, ಪರಿಹಾರ ಕೊಡಿ ಎಂದು ಆದೇಶಿಸಬಹುದು. ಕಾಗದದ ಮೇಲೆ ತುಂಬ ಬಲವಾದದ್ದು. ಆದರೆ ಪರಿಹಾರದ ಹಣ ಕೊಡಬೇಕಾದವರು ಸರ್ಕಾರ, ಚಿತ್ರಹಿಂಸೆ ಅನುಭವಿಸಿದವರು ಆದೇಶ ಹಿಡಿದುಕೊಂಡು ವರ್ಷಗಟ್ಟಲೆ ಕಾದಿದ್ದಾರೆ. ಘಾನಾದ್ದು ನಡುವಿನ ದಾರಿ. ಅಲ್ಲಿ ಆಯೋಗದ ಶಿಫಾರಸನ್ನು ಮೂರು ತಿಂಗಳಲ್ಲಿ ಪಾಲಿಸದಿದ್ದರೆ ಆಯೋಗವೇ ಕೋರ್ಟಿಗೆ ಹೋಗಬಹುದು. ನೊಂದವರು ಮತ್ತೆ ವಕೀಲರನ್ನು ಹುಡುಕಬೇಕಿಲ್ಲ. ನನಗೆ ಇದು ಬಹಳ ಹಿಡಿಸಿತು.

ಹಣದ ವಿಷಯಕ್ಕೆ ಫಿಲಿಪೀನ್ಸ್ ನೋಡಬೇಕು. ಡ್ರಗ್ಸ್ ವಿರುದ್ಧದ ಕಾರ್ಯಾಚರಣೆಯ ಸಾವುಗಳನ್ನು ಅಲ್ಲಿನ ಆಯೋಗ ಪ್ರಶ್ನಿಸುತ್ತಿತ್ತು. 2017ರ ಸೆಪ್ಟೆಂಬರಿನಲ್ಲಿ ಕೆಳಮನೆ ಅದರ ಇಡೀ ವರ್ಷದ ಬಜೆಟ್ಟನ್ನು 1,000 ಪೆಸೊಗೆ ಇಳಿಸಲು ಮತ ಹಾಕಿತು. ಜನರ ಸಿಟ್ಟು ನೋಡಿ ಆಮೇಲೆ ಹಣ ವಾಪಸ್ ಬಂತು. ಆಯೋಗ ಸಂವಿಧಾನದಲ್ಲೇ ಇದ್ದದ್ದರಿಂದ ಅದನ್ನು ಮುಚ್ಚಲಾಗುತ್ತಿರಲಿಲ್ಲ, ಆದರೆ ಉಸಿರು ಕಟ್ಟಿಸಬಹುದಿತ್ತು. ಸುಧಾರಣೆಯ ಕರಡಿನಲ್ಲಿ ಆಯೋಗದ ಹಣವನ್ನು ಯಾರು ನಿರ್ಧರಿಸುತ್ತಾರೆ ಎಂಬ ಸಾಲನ್ನೇ ನಾನು ಮೊದಲು ಹುಡುಕುವುದು.

ಕೋರ್ಟ್‌ಹಾದಿ

ಹಳೇಕಡತ ಸರ್, ಘಾನಾದ ಸೆಕ್ಷನ್ ನೆನಪಿಸಿದ್ದಕ್ಕೆ ಧನ್ಯವಾದ.

ಬೇರೆ ದೇಶದಿಂದ ಕಲಿಯುವಾಗ ಎಲ್ಲಿ ಎಡವಬಹುದು ಎಂಬುದಕ್ಕೂ ಒಂದು ಉದಾಹರಣೆ ಬೇಕು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಭಾರತದ ಸಂವಿಧಾನದ 21ನೇ ವಿಧಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿದರು. ಆಗಿನ ಕರಡಿನಲ್ಲಿ ಅಮೆರಿಕದ 'ಡ್ಯೂ ಪ್ರಾಸೆಸ್' ಮಾತು ಇತ್ತು. ಅಂದರೆ, ಸ್ವಾತಂತ್ರ್ಯ ಕಿತ್ತುಕೊಳ್ಳುವ ಕಾನೂನು ನ್ಯಾಯವಾಗಿದೆಯೇ ಎಂದೂ ಕೋರ್ಟ್ ನೋಡಬಹುದು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅದು ಬೇಡ ಎಂದು ಸಲಹೆ ಕೊಟ್ಟರು. ಅವರ ಭಯಕ್ಕೆ ಕಾರಣ ಇತ್ತು. ಬೇಕರಿ ಕಾರ್ಮಿಕರ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಮಿತಿಗೊಳಿಸಿದ ನ್ಯೂಯಾರ್ಕ್ ಕಾನೂನನ್ನು ಅಲ್ಲಿನ ಕೋರ್ಟ್ 1905ರಲ್ಲಿ ಇದೇ ಮಾತಿನ ಬಲದಿಂದ ಹೊಡೆದುಹಾಕಿತ್ತು. ಮುಂದೆ ಮೂವತ್ತು ವರ್ಷ ಕಾರ್ಮಿಕರ ಪರವಾದ ಎಷ್ಟೋ ಕಾನೂನುಗಳಿಗೆ ಅದು ಅಡ್ಡ ಬಂದಿತ್ತು. ಭೂಸುಧಾರಣೆ ಮಾಡಹೊರಟಿದ್ದ ದೇಶಕ್ಕೆ ಇದು ಸರಿಯಾದ ಎಚ್ಚರಿಕೆ ಎನ್ನಿಸಿತು. ಜಪಾನ್ ಸಂವಿಧಾನದ 31ನೇ ವಿಧಿಯನ್ನು ನೋಡಿ 'ಕಾನೂನು ವಿಧಿಸಿದ ಕಾರ್ಯವಿಧಾನ' ಎಂಬ ಮಾತು ಬಂತು.

ಅಮೆರಿಕದವರು ತಮ್ಮ ದೇಶದಲ್ಲಿ ಆದ ತೊಂದರೆಯನ್ನು ಸರಿಯಾಗಿಯೇ ಹೇಳಿದ್ದರು. ಆದರೆ ಇಲ್ಲಿ ಮುಂದೆ ಕಾದಿದ್ದ ಅಪಾಯ ಬೇರೆ. ಅದು ವಿಚಾರಣೆ ಇಲ್ಲದ ಬಂಧನ. 1950ರಲ್ಲೇ ಎ.ಕೆ. ಗೋಪಾಲನ್ ಪ್ರಕರಣ ಬಂತು. ಕಾನೂನೊಂದು ಇದ್ದು ಅದರಂತೆ ಬಂಧಿಸಿದ್ದರೆ ಸಾಕು, ಆ ಕಾನೂನು ನ್ಯಾಯವಾಗಿದೆಯೇ ಎಂದು ನೋಡಬೇಕಿಲ್ಲ ಎಂದು ಕೋರ್ಟ್ ಹೇಳಿತು. ಅಂಬೇಡ್ಕರ್ ಈ ಕೊರತೆಯನ್ನು ಮೊದಲೇ ಕಂಡಿದ್ದರು. ಬಂಧಿಸಿದವರನ್ನು 24 ಗಂಟೆಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆನ್ನುವ 22ನೇ ವಿಧಿಯನ್ನು ಅವರು 1949ರಲ್ಲಿ ಸಭೆಯ ಮುಂದಿಟ್ಟದ್ದು ಆ ನಷ್ಟವನ್ನು ಸ್ವಲ್ಪವಾದರೂ ತುಂಬಲೆಂದೇ. ಆದರೆ ಮುನ್ನೆಚ್ಚರಿಕೆ ಬಂಧನಕ್ಕೆ ಆ ವಿಧಿಯಲ್ಲೇ ವಿನಾಯಿತಿ ಉಳಿಯಿತು. ಕಾರ್ಯವಿಧಾನ ನ್ಯಾಯಯುತವಾಗಿಯೂ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಲು 1978ರ ಮೇನಕಾ ಗಾಂಧಿ ಪ್ರಕರಣದವರೆಗೆ ಕಾಯಬೇಕಾಯಿತು. ನಡುವೆ ತುರ್ತುಪರಿಸ್ಥಿತಿ ಬಂದುಹೋಗಿತ್ತು.

ಒಂದು ದೇಶದ ಅನುಭವ ಕೇಳುವಾಗ ಅದು ಯಾವ ರೋಗಕ್ಕೆ ಹುಟ್ಟಿದ ಮದ್ದು ಎಂದು ಕೇಳಬೇಕು. ನಮ್ಮ ದೇಹದಲ್ಲಿ ಆ ರೋಗ ಇದೆಯೇ ಎಂದೂ ನೋಡಬೇಕು. ರಾವ್ ಅವರಷ್ಟು ಓದಿದವರು, ಅಷ್ಟು ಶ್ರದ್ಧೆಯವರು ಸುತ್ತಿ ಬಂದರೂ ಹೀಗಾಯಿತು. ಹಾಗಿರುವಾಗ ಒಂದೇ ವಾರದ ಅಧ್ಯಯನ ಪ್ರವಾಸ ಮಾಡಿ ಕರಡು ಬರೆಯುವುದು ಸರಿಯಲ್ಲ.

ಮುಂಗಾರು

ಇದನ್ನು ಓದಿ ನಿಜಕ್ಕೂ ಯೋಚನೆಗೆ ಬಿದ್ದೆ. ಒಂದು ಸಣ್ಣ ಪ್ರಶ್ನೆ ಇದೆ. ದೂರಿಗೆ ಕಾಲಮಿತಿ ಎಷ್ಟಿರಬೇಕು? ಕಸ್ಟಡಿಯಲ್ಲಿ ಹೊಡೆತ ತಿಂದವರು ಹೆದರಿ ಜಾಸ್ತಿ ದಿನ ಬಾಯಿ ಬಿಡುವುದಿಲ್ಲ.

ಹಳೇಕಡತ

ಸಣ್ಣ ಪ್ರಶ್ನೆಯಲ್ಲ ಇದು. ಭಾರತದ ಕಾಯ್ದೆಯ 36(2)ನೇ ಸೆಕ್ಷನ್ ಪ್ರಕಾರ ಘಟನೆ ನಡೆದು ಒಂದು ವರ್ಷ ಆದ ಮೇಲೆ ಆಯೋಗ ವಿಚಾರಣೆ ಮಾಡುವಂತಿಲ್ಲ. ಬ್ರಿಟನ್ ಕಾಯ್ದೆಯಲ್ಲೂ ಕೋರ್ಟಿಗೆ ಹೋಗಲು ಒಂದೇ ವರ್ಷ. ಆದರೆ ಅಲ್ಲಿ 7(5)ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತೂ ಇದೆ. ಪರಿಸ್ಥಿತಿ ಎಲ್ಲ ನೋಡಿ ನ್ಯಾಯ ಎನ್ನಿಸಿದರೆ ಕೋರ್ಟ್ ಆ ಅವಧಿಯನ್ನು ಹೆಚ್ಚಿಸಬಹುದು. ಹೆದರಿ ಸುಮ್ಮನಿದ್ದವರು, ಜೈಲಿನಲ್ಲಿದ್ದವರು, ಸತ್ತವರ ಮನೆಯವರು ಈ ಕಾರಣಗಳನ್ನು ಮುಂದಿಡಲು ಅಲ್ಲಿ ಜಾಗ ಇದೆ.

ಈ ಒಂದು ಮಾತನ್ನು ತರಲು ಹೊಸ ಸಂಸ್ಥೆ ಬೇಡ, ಹಣ ಬೇಡ, ಸಂವಿಧಾನ ತಿದ್ದುಪಡಿಯೂ ಬೇಡ. 36(2)ಕ್ಕೆ ಒಂದು ವಾಕ್ಯ ಸೇರಿಸಿದರೆ ಸಾಕು. ನಾನು ಕರಡು ಬರೆಯುವುದಾದರೆ ಅಲ್ಲಿಂದಲೇ ಶುರು ಮಾಡುತ್ತೇನೆ.